ಕಡಕ್‌ನಾಥ್ ಮರಿ ಕೊಳ್ಳುವ ಮುನ್ನ

ಕಡಕ್‌ನಾಥ್ ಕೋಳಿಮರಿ ಕೊಡುತ್ತೇವೆ, ಬೆಳೆದ ಮೇಲೆ ನಾವೇ ಕೊಂಡುಕೊಳ್ಳುತ್ತೇವೆ ಎಂಬ ಕರಾರಿನ ಮೇಲೆ ಮುಂಗಡ ಪಡೆದ ಸಂಸ್ಥೆಯೊಂದು ನನಗೆ ಒದಗಿಸಿದ್ದು ಬೆರಕೆ ತಳಿಯ ಮರಿಗಳನ್ನು. ಇಂಥ ಜಾಹೀರಾತುಗಳು ಈಗಲೂ ಓಡಾಡುತ್ತಿರುವುದರಿಂದ ಈ ಬರಹ.

ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಭಾಗದ ಭಿಲ್ ಮತ್ತು ಭಿಲಾಲ ಸಮುದಾಯಗಳು ತಲೆಮಾರುಗಳಿಂದ ಹಿತ್ತಿಲಲ್ಲಿ ಸಾಕಿ ಉಳಿಸಿಕೊಂಡು ಬಂದ ಕೋಳಿಯಿದು; ಅಲ್ಲಿ ಇದಕ್ಕೆ ‘ಕಾಲಿ ಮಾಸಿ’ ಎಂಬ ಹೆಸರೂ ಉಂಟು. ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆ ಮಾನ್ಯತೆಯ ಪ್ರತಿಯನ್ನೇ ತೋರಿಸಿ ನನಗೆ ಮರಿ ಮಾರಲಾಯಿತು. ಅದು ಒಂದು ಪ್ರದೇಶದ ಉತ್ಪನ್ನಕ್ಕೆ ಸಿಕ್ಕ ಮಾನ್ಯತೆಯೇ ಹೊರತು ಯಾವುದೋ ಮಾರಾಟಗಾರನ ಮರಿಗಳಿಗೆ ಕೊಟ್ಟ ಪ್ರಮಾಣಪತ್ರವಲ್ಲ.

ಪುಕ್ಕ ಕಪ್ಪಗಿದ್ದ ಮಾತ್ರಕ್ಕೆ ಕಡಕ್‌ನಾಥ್ ಆಗುವುದಿಲ್ಲ. ಈ ತಳಿಯಲ್ಲೇ ಹೊಂಬಣ್ಣದ ಛಾಯೆಯವೂ ಬಿಳಿ ಗೀರುಗಳವೂ ಇವೆ. ಗುರುತು ಇರುವುದು ಒಳಗೆ, ಮೆಲನಿನ್ ವರ್ಣದ್ರವ್ಯ ತುಂಬಿ ಕಪ್ಪಾದ ಚರ್ಮ, ನಾಲಿಗೆ, ಮಾಂಸಗಳಲ್ಲಿ. ನನ್ನ ಕೋಳಿಗಳ ಪುಕ್ಕವೇನೋ ಕಾಡಿಗೆಯಂತಿತ್ತು, ಆದರೆ ಬೆಳೆಯುತ್ತ ಜುಟ್ಟು ಅಚ್ಚಕೆಂಪಾಯಿತು. ಕೊಕ್ಕು ಬಿಡಿಸಿದರೆ ನಾಲಿಗೆ ನಸುಗೆಂಪು, ತೊಡೆಯ ಪುಕ್ಕ ಸರಿಸಿದರೆ ಬೆಳ್ಳನೆಯ ಚರ್ಮ. ಆ ಸಂಸ್ಥೆಯ ಏಜೆಂಟ್ ಕಪ್ಪು ಮೊಟ್ಟೆಗಳ ಚಿತ್ರವನ್ನೂ ಹಂಚುತ್ತಿದ್ದ. ಕಡಕ್‌ನಾಥ್ ಮೊಟ್ಟೆಯ ಬಣ್ಣ ತಿಳಿಗಂದು, ಕಪ್ಪಲ್ಲ.

ಇನ್ನೂ ಜಾಣತನದ ಮೋಸ ಕರಾರಿನಲ್ಲಿತ್ತು. ಮೂರು ತಿಂಗಳಿಗೆ ಒಂದೂವರೆ ಕಿಲೋ ತೂಗಿದ ಕೋಳಿಯನ್ನು ಮಾತ್ರ ಕೊಳ್ಳಲಾಗುವುದು ಎಂಬ ಷರತ್ತು ಮೇಲ್ನೋಟಕ್ಕೆ ಸಹಜವಾಗಿ ಕಾಣುತ್ತದೆ. ಆದರೆ ಅಪ್ಪಟ ಕಡಕ್‌ನಾಥ್ 20 ವಾರಕ್ಕೆ ತೂಗುವುದೇ ಸುಮಾರು 920 ಗ್ರಾಂ. ಅಂದರೆ ಮರಿ ಅಸಲಿಯಾಗಿದ್ದರೂ ಕೊಳ್ಳಬೇಕಾಗಿ ಬರದಂತೆ ಬರೆದ ಕರಾರು ಅದು. ಹೇಂಟೆಗಳೇ ಕಾವು ಕೂತು ಹಿಂಡು ಬೆಳೆಸುತ್ತವೆ ಎಂಬ ಭರವಸೆಯೂ ಪೊಳ್ಳು. ಈ ತಳಿಯ ಹೇಂಟೆಗಳು ಕಾವಿಗೆ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಬೇರೆ ನಾಟಿ ಹೇಂಟೆಯೋ ಇನ್‌ಕ್ಯುಬೇಟರೋ ಬೇಕಾಗುತ್ತದೆ.

ಕೊಳ್ಳುವವರು ಮರಿಗಳ ತಾಯಿಹಿಂಡನ್ನು ಕಣ್ಣಾರೆ ನೋಡಿ, ಕೊಕ್ಕು ಬಿಡಿಸಿ ಪರೀಕ್ಷಿಸಿ. ಸಾಧ್ಯವಾದರೆ ಝಾಬುವಾ ಕೃಷಿ ವಿಜ್ಞಾನ ಕೇಂದ್ರದಂಥ ಸರ್ಕಾರಿ ಮೂಲದಿಂದಲೇ ತರಿಸಿಕೊಳ್ಳಿ. ರಸೀದಿಯಲ್ಲಿ ತಳಿಯ ಹೆಸರನ್ನು ತಪ್ಪದೆ ಬರೆಸಿಕೊಳ್ಳಿ. ನನ್ನ ರಸೀದಿಯಲ್ಲಿರುವುದು ‘ಕಪ್ಪು ಕೋಳಿ ಮರಿ’ ಎಂದಷ್ಟೇ, ಮತ್ತು ದೂರಿಗೆ ಬಂದ ಉತ್ತರದಲ್ಲಿ ಆ ಸಂಸ್ಥೆ, ರಸೀದಿಯಲ್ಲಿ ಬರೆದದ್ದನ್ನೇ ಕೊಟ್ಟಿದ್ದೇವೆ ಎಂದಿದೆ.