ಪಿಯಾನೋಗೆ ತೇವದ ಕಾಟ: ಸಿಲಿಕಾ ಜೆಲ್, ಡಿಹ್ಯುಮಿಡಿಫೈಯರ್, ಹೀಟರ್ ರಾಡ್ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಿಯಾನೋ ಒಳಗೆ ಕೂರಿಸುವ ಹೀಟರ್ ರಾಡ್‌ಗೆ. ಬರೀ ರಾಡ್‌ಗಲ್ಲ, ಜೊತೆಗೆ ಹ್ಯುಮಿಡಿಸ್ಟಾಟ್ (ಗಾಳಿಯ ತೇವ ನೋಡಿ ರಾಡನ್ನು ತಾನೇ ಆನ್-ಆಫ್ ಮಾಡುವ ಸ್ವಿಚ್) ಇರುವ ರಾಡ್‌ಗೆ. ನನ್ನದು ಅಪ್‌ರೈಟ್, ಅಂದರೆ ನೆಟ್ಟಗೆ ನಿಲ್ಲುವ ಪಿಯಾನೋ. ತೇವ ಹೀರುವ ಸಿಲಿಕಾ ಜೆಲ್ ಹರಳು ಇಟ್ಟು ನೋಡಿದೆ, ರೂಮಿಗೆ ತೇವ ತೆಗೆಯುವ ಯಂತ್ರ ಡಿಹ್ಯುಮಿಡಿಫೈಯರ್ ತಂದೆ, ಆಮೇಲೆ ರಾಡ್ ಹಾಕಿಸಿದೆ. ಕೊಟ್ಟ ದುಡ್ಡು ಪೂರ್ತಿ ಸಾರ್ಥಕ ಅನಿಸಿದ್ದು ಕೊನೆಯದಕ್ಕೆ.

ಪಿಯಾನೋ ಒರೆಸುವುದು ದೊಡ್ಡ ವಿಷಯವೇ ಅಲ್ಲ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆ ಒಂದು, ಒಣ ಬಟ್ಟೆ ಇನ್ನೊಂದು, ಅಷ್ಟು ಸಾಕು. ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಮಾತ್ರ ಹತ್ತಿರ ತರಬೇಡಿ. ನಿಜವಾದ ಕಾಟ ಗಾಳಿಯಲ್ಲಿರುವ ತೇವದ್ದು.

ತೇವ ಜಾಸ್ತಿಯಾದರೆ ಸೌಂಡ್‌ಬೋರ್ಡ್‌ನ (ತಂತಿಗಳ ಹಿಂದೆ ಇದ್ದು ಸದ್ದನ್ನು ದೊಡ್ಡದು ಮಾಡುವ ಹಲಗೆ) ಮರ ಉಬ್ಬುತ್ತದೆ. ಅದು ಬ್ರಿಡ್ಜನ್ನು (ತಂತಿಗಳು ಒರಗುವ ಮರದ ಪಟ್ಟಿ) ತಂತಿಗಳ ಕಡೆಗೆ ಒತ್ತುತ್ತದೆ, ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಒಣಗಿದರೆ ಶ್ರುತಿ ಇಳಿಯುತ್ತದೆ. ಎಲ್ಲವೂ ಒಂದೇ ಸಮ ಏರಿದ್ದರೆ ಹೇಗೋ ನುಡಿಸಿಕೊಂಡು ಹೋಗಬಹುದಿತ್ತು. ಆದರೆ ನಡುಭಾಗದ ಸ್ವರಗಳು ಉಳಿದವಕ್ಕಿಂತ ಜಾಸ್ತಿ ಏರುತ್ತವೆ. ಅದಕ್ಕೇ ಎರಡು ಕೈ ಸೇರಿಸಿ ನುಡಿಸಿದ ಕೂಡಲೇ ಕಿವಿಗೆ ಚುಚ್ಚುತ್ತದೆ.

ಇದರ ಜೊತೆಗೆ ಅಂಟುವ ಕೀಗಳು. ಪ್ರತಿ ಕೀ ಅಡಿಯಲ್ಲೂ ಸಣ್ಣ ಲೋಹದ ಪಿನ್‌ಗಳಿವೆ. ಪಿನ್ ಕೂರುವ ತೂತಿನ ಒಳಮೈಗೆ ಉಣ್ಣೆ ಬಟ್ಟೆಯ ಚೂರು ಅಂಟಿಸಿರುತ್ತಾರೆ. ತೇವಕ್ಕೆ ಆ ಬಟ್ಟೆ, ಸುತ್ತಲಿನ ಮರ ಎರಡೂ ಉಬ್ಬಿ ಪಿನ್ನನ್ನು ಹಿಡಿದುಕೊಳ್ಳುತ್ತವೆ. ಒತ್ತಿದ ಕೀ ಕೆಳಗೇ ಉಳಿಯುತ್ತದೆ, ಇಲ್ಲವೇ ಮನಸ್ಸಿಲ್ಲದ ಮನಸ್ಸಿನಿಂದ ಮೇಲೆ ಬರುತ್ತದೆ. ವೇಗದ ಭಾಗದಲ್ಲಿ ಅದೇ ಸ್ವರ ಮತ್ತೆ ಬೇಕು ಅಂದಾಗ ಸಿಗುವುದೇ ಇಲ್ಲ. ಶ್ರುತಿ ಮಾಡುವ ಟ್ಯೂನರ್ ಬಂದು ಇಕ್ಕಳದಲ್ಲಿ ಬಟ್ಟೆಯನ್ನು ಮೆಲ್ಲಗೆ ಅದುಮಿ ಸಡಿಲ ಮಾಡಬಹುದು. ಆದರೆ ತೇವ ಹಾಗೇ ಇದ್ದರೆ ಮತ್ತೆ ಅದೇ ಕಥೆ.

ಸಿಲಿಕಾ ಜೆಲ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಮುಚ್ಚಿದ ಡಬ್ಬಿಗೆ ಅದು ಸರಿ. ಅಪ್‌ರೈಟ್‌ನ ಹಿಂಭಾಗ ತೆರೆದೇ ಇರುತ್ತದಲ್ವಾ, ಗಾಳಿ ಬರುತ್ತಲೇ ಇರುತ್ತದೆ. ಹರಳು ತೇವ ಹೀರಿ ತುಂಬಿಹೋಗುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ಪಿಯಾನೋಗೆ ಅದು ಯಾವ ಮೂಲೆಗೂ ಸಾಲದು.

ಡಿಹ್ಯುಮಿಡಿಫೈಯರ್ ಕೆಲಸ ಮಾಡುವುದರಲ್ಲಿ ಅನುಮಾನವಿಲ್ಲ. ರೂಮಿನ ಗಾಳಿಯಿಂದ ನೀರನ್ನೇ ತೆಗೆದು ತೊಟ್ಟಿಗೆ ತುಂಬಿಸುತ್ತದೆ. ಪುಸ್ತಕ, ಬಟ್ಟೆಗೂ ಒಳ್ಳೆಯದು. ನನ್ನ ತಕರಾರು ಆ ತೊಟ್ಟಿಯದ್ದು. ರಾತ್ರಿ ಅದು ತುಂಬಿದ ಕೂಡಲೇ ಯಂತ್ರ ತಾನಾಗಿ ನಿಂತುಬಿಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ತೇವ ಮತ್ತೆ ಮೇಲೆ. ನೀರು ಚೆಲ್ಲಿ ಶುರು ಮಾಡಿದರೆ ಸಂಜೆಗೆ ಕೆಳಗೆ. ಹೀಗೆ ದಿನಾ ಏರಿಳಿತ. ಮರಕ್ಕೆ ಬೇಕಾದ್ದು ಒಂದೇ ಹದದ ಗಾಳಿ, ಈ ಹತ್ತಿ ಇಳಿಯುವ ಆಟವಲ್ಲ.

ಪೈಪ್ ಸಿಕ್ಕಿಸಿ ನೀರನ್ನು ನೇರ ಹೊರಗೆ ಬಿಡಬಹುದು, ಅದನ್ನೂ ಮಾಡಿದೆ. ನೀರು ಹೋಗುವ ಜಾಗ ಪಿಯಾನೋದಿಂದ ದೂರ. ನಡೆಯುವ ದಾರಿಗೆ ಅಡ್ಡವಾಗಿ ಪೈಪ್ ಬಿತ್ತು, ಎಡವುವುದು ಶುರುವಾಯಿತು, ತೆಗೆದೆ. ಮೇಲೆ ಕಂಪ್ರೆಸರ್ ಸದ್ದು ಬೇರೆ. ನಾನು ನುಡಿಸುವುದು ರಾತ್ರಿ, ಅದೂ ಮೆಲ್ಲಗೆ. ಸ್ವರ ನಿಧಾನವಾಗಿ ಕರಗುವ ಹೊತ್ತಿಗೆ ಪಕ್ಕದಲ್ಲಿ ಗುರ್ ಅಂದರೆ ಹೇಗೆ ಸಹಿಸುವುದು? ನುಡಿಸುವಾಗ ಆಫ್ ಮಾಡುತ್ತಿದ್ದೆ, ಆಮೇಲೆ ಆನ್ ಮಾಡಲು ಮರೆಯುತ್ತಿತ್ತು.

ರಾಡ್ ಒಳಗಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಕೀಬೋರ್ಡ್ ಕೆಳಗಿನ ಹಲಗೆ ತೆಗೆದು ಟ್ಯೂನರ್ ಒಳಗೆ ಕೂರಿಸಿಕೊಟ್ಟರು. ಅದು ಗಾಳಿಯಿಂದ ನೀರು ತೆಗೆಯುವುದಿಲ್ಲ, ಸುತ್ತಲಿನ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡುತ್ತದೆ. ಇದ್ದಷ್ಟೇ ನೀರಿನ ಗಾಳಿ ಬೆಚ್ಚಗಾದರೆ ಸಾಪೇಕ್ಷ ತೇವ (ಗಾಳಿ ಹಿಡಿದಿಡಬಲ್ಲ ನೀರಿನಲ್ಲಿ ಈಗ ಇರುವ ಪಾಲು) ಇಳಿಯುತ್ತದೆ. ಸದ್ದಿಲ್ಲ, ತೊಟ್ಟಿಯಿಲ್ಲ, ಕರೆಂಟು ಒಂದು ಬಲ್ಬಿನಷ್ಟು.

ಹ್ಯುಮಿಡಿಸ್ಟಾಟ್ ಇಲ್ಲದ ರಾಡ್ ಮಾತ್ರ ಬೇಡ. ಗಾಳಿ ಒಣಗಿರುವಾಗಲೂ ಅದು ಉರಿಯುತ್ತಲೇ ಇರುತ್ತದೆ. ಅತಿಯಾಗಿ ಒಣಗಿದರೆ ಸೌಂಡ್‌ಬೋರ್ಡ್ ಬಿರುಕು ಬಿಡಬಹುದು, ತಂತಿ ಸುತ್ತಿರುವ ಟ್ಯೂನಿಂಗ್ ಪಿನ್ ಸಡಿಲವಾಗಬಹುದು. ಒಣ ಹವೆಯೇ ಜಾಸ್ತಿ ಇರುವಲ್ಲಿ ರಾಡ್ ಒಂದರಿಂದ ಏನೂ ಆಗದು, ತೇವ ಕೊಡುವ ನೀರಿನ ತೊಟ್ಟಿಯೂ ಇರುವ ಸೆಟ್ ಬೇಕು.

ಮನೆಯೆಲ್ಲ ತೇವ ಹಿಡಿದಿದ್ದರೆ, ದಿನಾ ನೀರು ಚೆಲ್ಲುವ ಶಿಸ್ತು ನಿಮಗಿದ್ದರೆ ಡಿಹ್ಯುಮಿಡಿಫೈಯರ್ ತಗೊಳ್ಳಿ. ನನಗೆ ಆ ಶಿಸ್ತಿಲ್ಲ, ರಾಡ್‌ಗೆ ಖರ್ಚೂ ಕಡಿಮೆ ಬಿತ್ತು. ಟ್ಯೂನರ್ ವರ್ಷಕ್ಕೆ 2 ಸಲ ಬರುವುದು ಈಗಲೂ ತಪ್ಪಿಲ್ಲ, ಆದರೆ ಅಂಟುವ ಕೀ ತೋರಿಸುವ ಕೆಲಸ ತಪ್ಪಿದೆ.

ಕೈ ಬಿಗಿ ಇದ್ದರೆ ಸದ್ಯಕ್ಕೆ ತೇವ ಅಳೆಯುವ ಒಂದು ಹೈಗ್ರೋಮೀಟರ್ ಸಾಕು. ಗಾಳಿಯಾಡದ ಡಬ್ಬಿಯಲ್ಲಿ ಸ್ವಲ್ಪ ನೀರು ಹಾಕಿ ಕಲಸಿದ ಉಪ್ಪಿನ ಪಕ್ಕ ಅದನ್ನು ಒಂದು ದಿನ ಮುಚ್ಚಿಡಿ, 75% ಹತ್ತಿರ ತೋರಿಸಬೇಕು. ಸರಿ ಇದ್ದರೆ ಪಿಯಾನೋ ಒಳಗಿಡಿ, ರೂಮಿನ ಗೋಡೆ ಮೇಲಲ್ಲ. 40ರಿಂದ 50% ಒಳಗೇ ಓಡಾಡುತ್ತಿದ್ದರೆ ಸುಮ್ನೆ ಯಾಕೆ ಖರ್ಚು, ಈ ಮೂರೂ ಬೇಡ.