ಆಂಕಿಡ್ರಾಯ್ಡ್: ಆ್ಯಪ್ ಗಟ್ಟಿ, ರೆಡಿಮೇಡ್ ಡೆಕ್ ಟೊಳ್ಳು

ಬ್ಯಾಂಕ್ ಪರೀಕ್ಷೆಗೋ ಐಇಎಲ್‌ಟಿಎಸ್‌ಗೋ ಕಠಿಣ ಇಂಗ್ಲಿಷ್ ಪದ ಕಲಿಯುವವರಿಗೆ, ಪದದ ಕಾರ್ಡ್ ತೋರಿಸಿ ದಿನ ಬಿಟ್ಟು ದಿನ ಮತ್ತೆ ಮತ್ತೆ ಕೇಳುವ ಆ್ಯಪ್ ಆಂಕಿಡ್ರಾಯ್ಡ್ ಒಂದೇ ಸಾಕು. ಈ ‘ಆಂಕಿ’ ನಮ್ಮ ಅಂಕಿ-ಸಂಖ್ಯೆಯದ್ದಲ್ಲ, ಜಪಾನಿ ಭಾಷೆಯಲ್ಲಿ ಕಂಠಪಾಠ ಎಂದರ್ಥ. ಆಂಡ್ರಾಯ್ಡಿಗೆ ಪೂರ್ತಿ ಉಚಿತ, ಐಫೋನಿನ ಆಂಕಿಗೆ ದುಡ್ಡು ಕೊಡಬೇಕು. ಕಾರ್ಡೆಲ್ಲ ಫೋನಿನಲ್ಲೇ ಇರುವುದರಿಂದ ಆಷಾಢದ ಮಳೆಗೆ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ನೆಟ್‌ವರ್ಕ್ ಸತ್ತರೂ ಓದು ನಿಲ್ಲದು.

ತಕರಾರಿರುವುದು ಇಳಿಸಿಕೊಳ್ಳುವ ರೆಡಿಮೇಡ್ ಡೆಕ್‌ಗಳ, ಅಂದರೆ ಕಾರ್ಡಿನ ಕಟ್ಟುಗಳ ಮೇಲೆ. ಹೆಚ್ಚಿನವು ಒಂದು ಪದ, ಎದುರಿಗೊಂದು ಅರ್ಥ, ಅಷ್ಟೇ. ‘ಎಫೆಮೆರಲ್’ ಅಂದರೆ ತಾತ್ಕಾಲಿಕ ಎಂದು ಉರು ಹೊಡೆದವರು ಮಾರಿಕಾಂಬಾ ಜಾತ್ರೆಯ ಅಂಗಡಿಗೂ ಅದನ್ನೇ ಅಂಟಿಸುತ್ತಾರೆ. ಅಂಗಡಿ ‘ಟೆಂಪೊರರಿ’, ಬಿಸಿಲು ಬಿದ್ದೊಡನೆ ಆರುವ ಇಬ್ಬನಿ ‘ಎಫೆಮೆರಲ್’. ‘ಮಿಟಿಗೇಟ್’ ಕೂಡ ಹಾಗೇ. ತಡೆಯುವುದಲ್ಲ, ಹೊಡೆತ ತಗ್ಗಿಸುವುದು. ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದರೆ ಕೊಳೆರೋಗದ ನಷ್ಟ ಮಿಟಿಗೇಟ್ ಆಗುತ್ತದೆ. ಬೋರ್ಡೋ ದ್ರಾವಣ ಹೊಡೆಯಲು ಬಿಡುವು ಕೊಡದೆ ಮಳೆ ಹಿಡಿದರೆ ‘ಎಕ್ಸಾಸರ್ಬೇಟ್’, ಅಂದರೆ ಉಲ್ಬಣ. ಮಿಟಿಗೇಟ್ ಮುಂದೆ ‘ಅಗೇನ್ಸ್ಟ್’ ಹಾಕುವುದು ಬಲು ಸಾಮಾನ್ಯ ತಪ್ಪು. ಅದು ಬರುವುದು ‘ಮಿಲಿಟೇಟ್’ (ಅಡ್ಡಿಯಾಗುವುದು) ಜತೆ.

ಹಾಗಾಗಿ ಡೆಕ್ ಸ್ವಂತದ್ದೇ ಕಟ್ಟಿಕೊಳ್ಳಿ. ಕಾರ್ಡಿನ ಬಗೆಯಲ್ಲಿ ‘ಕ್ಲೋಜ್’ ಆರಿಸಿ, ತೋಟದ್ದೋ ಮೀನುಪೇಟೆಯದ್ದೋ ಒಂದು ಇಂಗ್ಲಿಷ್ ವಾಕ್ಯ ಬರೆದು ಪದದ ಜಾಗ ಖಾಲಿ ಬಿಡಿ. ಖಾಲಿ ಜಾಗಕ್ಕೆ ಮೊದಲ ಅಕ್ಷರದ ಸುಳಿವು ಬೇಕೇ ಬೇಕು. ಇಲ್ಲದಿದ್ದರೆ ಮಿಟಿಗೇಟ್ ಇರಬೇಕಾದಲ್ಲಿ ‘ರೆಡ್ಯೂಸ್’ ಕೂಡ ಕೂರುತ್ತದೆ, ಉತ್ತರ ಸರಿಯೋ ತಪ್ಪೋ ಎಂಬ ಜಗಳ ನಿಮ್ಮೊಳಗೇ ಶುರು. ಹಿಂಬದಿಗೆ ಒಂದು ಸಾಲಿನ ಅರ್ಥ, ಜತೆಗೆ ಬರುವ ಎರಡು ಮೂರು ಪದ: ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್. ಬರೆದದ್ದನ್ನು ಓದಿಹೇಳುವ ಫೋನಿನ ಟಿಟಿಎಸ್ ಧ್ವನಿಯನ್ನೂ ಜೋಡಿಸಿ. ಅಕ್ಷರ ನೋಡಿ ‘ಎಪಿಟೋಮ್’ ಎಂದು ಓದುವ ನಾಲಿಗೆ ‘ಎಪಿಟಮಿ’ಗೆ ತಿರುಗಲು ಕಿವಿಗೆ ಬೀಳಲೇಬೇಕು.

ಸೆಟ್ಟಿಂಗ್‌ನಲ್ಲಿ ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ಇರುತ್ತದೆ. ಅದನ್ನು 7ಕ್ಕೆ ಇಳಿಸಿ. ಕೆಲವೇ ವಾರದಲ್ಲಿ ದಿನದ ಪುನರಾವರ್ತನೆ ಹೊಸ ಕಾರ್ಡಿನ ಹತ್ತು ಪಟ್ಟಿನಷ್ಟಾಗುತ್ತದೆ. 20 ಇಟ್ಟವರು 200ರ ರಾಶಿ ಕಂಡು ಆ್ಯಪನ್ನೇ ಅಳಿಸುತ್ತಾರೆ. ಇನ್ನೊಂದು, ಪದ ಮರೆತಾಗ ಸಂಕೋಚಕ್ಕೆ ಉತ್ತರದ ಕೆಳಗಿನ ‘ಹಾರ್ಡ್’ ಗುಂಡಿ ಒತ್ತಬೇಡಿ. ಆ್ಯಪಿನ ಲೆಕ್ಕದಲ್ಲಿ ಹಾರ್ಡ್ ಅಂದರೆ ಪಾಸು, ಕಷ್ಟಪಟ್ಟು ನೆನಪಾಯಿತು ಎಂದು. ಮರೆತ ಪದ ಹಾಗೇ ಮುಂದೂಡಿ ಹೋಗುತ್ತದೆ. ಮರೆತರೆ ‘ಅಗೇನ್’ ಒತ್ತಿ.