ಮೂರು ಮಳೆಗಾಲ ಕಂಡ ನನ್ನ ಓಬಿಡಿ ಸ್ಕ್ಯಾನರ್

ಓಬಿಡಿ ಸ್ಕ್ಯಾನರ್ ಅಂದರೆ ಕಾರಿನ ಕಂಪ್ಯೂಟರ್ ಹೇಳುವುದನ್ನು ಫೋನಿನಲ್ಲಿ ಓದಿಸುವ ಸಾಧನ. ಬೆಂಕಿಪೊಟ್ಟಣದಷ್ಟಿರುವ ಈ ನೀಲಿ ಡಬ್ಬಿ ತಗೊಂಡಿದ್ದು 2022ರ ಮಳೆಗಾಲದಲ್ಲಿ, 850 ರೂಪಾಯಿಗೆ. ಅಷ್ಟು ಹೊತ್ತಿಗೆ ಕಾರಿಗೆ ಎಂಟು ಸಾವಿರ ಸುರಿದಾಗಿತ್ತು. ಸ್ವಲ್ಪ ಹೊಟ್ಟೆಯುರಿಯಿಂದಲೇ ಬರೆಯುತ್ತಿದ್ದೇನೆ ಮಾರಾಯ್ರೆ, ಸಹಿಸಿಕೊಳ್ಳಿ.

ನಮ್ಮದು 2014ರ ಪೆಟ್ರೋಲ್ ಕಾರು. ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಕಾರು ನಿಲ್ಲುವುದು ಕೊಟ್ಟಿಗೆ ಪಕ್ಕದ ತಗಡಿನ ಶೆಡ್ಡಲ್ಲಿ. ಆ ಜುಲೈಯಲ್ಲಿ ಐಡ್ಲಿಂಗ್, ಅಂದರೆ ಎಕ್ಸಲೇಟರ್ ಒತ್ತದೆ ಇಂಜಿನ್ ಸುಮ್ನೆ ಓಡುವುದು, ಕೆಟ್ಟಿತು. ನ್ಯೂಟ್ರಲ್‌ನಲ್ಲಿ ನಿಂತರೆ ಸ್ಟೇರಿಂಗ್ ಗಡಗಡ, ಆರ್‌ಪಿಎಂ ಮುಳ್ಳು 600ಕ್ಕೆ ಇಳಿದು 1100ಕ್ಕೆ ಹಾರುವುದು, ಜೊತೆಗೆ ಚೆಕ್ ಇಂಜಿನ್ ಲೈಟ್ ಬೇರೆ. ಶಿವಮೊಗ್ಗದ ಒಂದು ಗ್ಯಾರೇಜಿಗೆ ಒಯ್ದೆ. ಮೆಷಿನ್ ಹಾಕಿದರು, ಪಿ0171 ಅಂತ ದೋಷದ ಕೋಡ್ ಬಂತು. "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್" ಅಂದರು. ಹಾಕಿಸಿದೆ, ಪ್ಲಗ್ಗೂ ಬದಲಾಯಿತು. ವಾಪಸ್ ಬರುವಾಗ ಮಂಡಗದ್ದೆಯಲ್ಲಿ ಚಾ ಕುಡಿಯಲು ನಿಲ್ಲಿಸಿದರೆ ಅದೇ ಗಡಗಡ. ಮೂರನೇ ದಿನ ಲೈಟೂ ಬಂತು.

ಆಮೇಲೆ ತರಿಸಿದ್ದು ಇದನ್ನು. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅಲ್ಲಿ ಚುಚ್ಚಿ, ಫೋನಿನ ಬ್ಲೂಟೂತ್‌ಗೆ ಸೇರಿಸಿ, ಟಾರ್ಕ್ ಆ್ಯಪ್ ತೆರೆದರೆ ಆಯಿತು. ಕೋಡ್ ಅದೇ ಬಂತು, ಪಿ0171. ಅದರ ಅರ್ಥ ಸೆನ್ಸರ್ ಹಾಳಾಗಿದೆ ಅಂತಲ್ಲ, ಇಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಅಷ್ಟೇ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆ ಸೆನ್ಸರ್ ಪಾಪ ಇದ್ದದ್ದನ್ನು ಇದ್ದಹಾಗೆ ಹೇಳುತ್ತಿತ್ತು!

ಈ ಡಬ್ಬಿಯ ನಿಜವಾದ ಬೆಲೆ ಇರುವುದು ಕೋಡಿನಲ್ಲಲ್ಲ, ಫ್ಯುಯೆಲ್ ಟ್ರಿಮ್ ಎಂಬ ಅಂಕಿಯಲ್ಲಿ. ಕಾರಿನ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಮ್ಮಿ ಬಿಡುತ್ತಿದೆ ಅಂತ ಅದು ತೋರಿಸುತ್ತದೆ. ಸೊನ್ನೆಯ ಆಚೀಚೆ ಶೇಕಡಾ ಐದಾರು ಇದ್ದರೆ ಚಿಂತೆಯಿಲ್ಲ. ನಮ್ಮದು ಐಡಲ್‌ನಲ್ಲಿ ಪ್ಲಸ್ 22. ಎಕ್ಸಲೇಟರ್ ಒತ್ತಿ 2500ಕ್ಕೆ ಹಿಡಿದರೆ ಪ್ಲಸ್ 5! ಅಲ್ಲಿಗೆ ಗೊತ್ತಾಯಿತು, ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆ. ಒಂದು ಲೋಟ ಕಾಫಿಗೆ ಎರಡು ಚಮಚ ನೀರು ಬಿದ್ದರೆ ರುಚಿ ಕೆಡುತ್ತದೆ, ಹಂಡೆಗೆ ಬಿದ್ದರೆ ಯಾರಿಗೂ ಗೊತ್ತಾಗಲ್ಲ, ಅಲ್ವಾ? ಹಾಗೇ ಇದು: ಐಡಲ್‌ನಲ್ಲಿ ಇಂಜಿನ್ ಎಳೆಯುವ ಗಾಳಿ ಕಮ್ಮಿ, ಸೋರಿಕೆ ಎದ್ದು ಕಾಣುತ್ತದೆ; 2500ರಲ್ಲಿ ಜಾಸ್ತಿ, ಸೋರಿಕೆ ಅದರಲ್ಲಿ ಮುಚ್ಚಿಹೋಗುತ್ತದೆ. ಆದರೆ ಒಂದು ಮಾತು, ನಮ್ಮ ಕಾರಿನಲ್ಲಿ ಗಾಳಿ ಅಳೆಯುವುದು ಫಿಲ್ಟರಿನ ಬಳಿ ಕೂತ ಎಂಎಎಫ್ ಸೆನ್ಸರ್, ಅದರ ಆಚೆ ಸೋರಿ ಬಂದ ಗಾಳಿ ಅದಕ್ಕೆ ಗೊತ್ತಾಗಲ್ಲ. ಇಂಜಿನ್ನಿನ ಗಾಳಿಕೊಳವೆಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರುಗಳಲ್ಲಿ ಸೋರಿದ ಗಾಳಿಯೂ ಲೆಕ್ಕಕ್ಕೆ ಸಿಗುವುದರಿಂದ ಟ್ರಿಮ್ ಇಷ್ಟು ಏರದೆ ಐಡ್ಲಿಂಗೇ ಏರಿ ಕೂರಬಹುದು.

ಬಾನೆಟ್ ಎತ್ತಿ ಒಂದೊಂದೇ ಪೈಪ್ ತಡವುತ್ತಾ ಹೋದೆ. ಇಂಜಿನ್ನಿನೊಳಗಿನ ಆವಿಯನ್ನು ಮತ್ತೆ ಗಾಳಿದಾರಿಗೆ ಒಯ್ಯುವ ಪಿಸಿವಿ ಹೋಸಿನ ಕೆಳಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಕಿರುಬೆರಳ ತುದಿ ಹೋಗುವಷ್ಟು ತೂತು. ಅಂಚಿನಲ್ಲಿ ಇಲಿ ಹಲ್ಲಿನ ಗೀರು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಇಂಜಿನ್ ಮೇಲೆ ಸಂಸಾರ ಹೂಡಿತ್ತೋ ಏನೋ. ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ, ಫೋನ್ ಕೈಗೆ ಕೊಟ್ಟು, ತೂತಿಗೆ ಹೆಬ್ಬೆರಳು ಒತ್ತಿದೆ. ಗಡಗಡ ಪಕ್ಕನೆ ನಿಂತಿತು. ಅವಳು ಶಾರ್ಟ್ ಟರ್ಮ್ ಟ್ರಿಮ್, ಅಂದರೆ ಆ ಕ್ಷಣದ ಟ್ರಿಮ್, ಓದುತ್ತಿದ್ದಳು: "ಮೂರು... ಸೊನ್ನೆ... ರೀ, ಮೈನಸ್ ಎಂಟು... ಮೈನಸ್ ಹದಿನೈದು!" ಇಷ್ಟು ದಿನ ಜಾಸ್ತಿ ಸುರಿದು ರೂಢಿಯಾಗಿದ್ದ ಕಂಪ್ಯೂಟರ್ ಈಗ ಗಡಿಬಿಡಿಯಲ್ಲಿ ಕೈ ಹಿಂದೆಳೆಯುತ್ತಿತ್ತು. ಹೊಸ ಹೋಸಿಗೆ 180 ರೂಪಾಯಿ.

ಮುಂದಿನ ವರ್ಷ ಸ್ಟಾರ್ಟಿಂಗ್ ತೊಂದರೆ. ಸೆಲ್ಫ್ ಹೊಡೆದರೆ 'ಟಕ್', ಅಷ್ಟೇ. ಒಮ್ಮೊಮ್ಮೆ ಗೊರಗೊರ ಅಂತ ನಿಧಾನಕ್ಕೆ ತಿರುಗುವುದು. ಕೋಡ್ ಒಂದೂ ಇಲ್ಲ. ಎಲ್ಲರದ್ದೂ ಒಂದೇ ಮಾತು, ಬ್ಯಾಟರಿ ಬದಲಿಸಿ. ಆ್ಯಪಿನಲ್ಲಿ ವೋಲ್ಟೇಜ್ ನೋಡಿದೆ: ಸುಮ್ನೆ ಇದ್ದಾಗ 12.5, ಸೆಲ್ಫ್ ಹೊಡೆದಾಗಲೂ 12ರ ಹತ್ತಿರವೇ. ಬ್ಯಾಟರಿ ಸತ್ತಿದ್ದರೆ ಅದು ಒಂಬತ್ತಕ್ಕೋ ಅದಕ್ಕೂ ಕೆಳಕ್ಕೋ ಕುಸಿಯಬೇಕಿತ್ತು. ಅಂದರೆ ಕರೆಂಟ್ ಸೆಲ್ಫ್ ಮೋಟರಿಗೆ ಸರಿಯಾಗಿ ಹೋಗುತ್ತಲೇ ಇಲ್ಲ. ಜಂಪ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದನ್ನು ನೇರ ಇಂಜಿನ್ ಕಬ್ಬಿಣಕ್ಕೆ ಕಚ್ಚಿಸಿದೆ. ಒಂದೇ ಹೊಡೆತಕ್ಕೆ ಸ್ಟಾರ್ಟ್! ಇಂಜಿನ್ನಿನಿಂದ ಕರೆಂಟ್ ಬ್ಯಾಟರಿ ಮೈನಸ್ಸಿಗೆ ಮರಳುವ ಅರ್ಥಿಂಗ್ ಪಟ್ಟಿ ಪಾಚಿ ಕಟ್ಟಿದ ಹಾಗೆ ಹಸಿರಾಗಿತ್ತು. ಮರಳು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಗ್ರೀಸ್ ಹಚ್ಚಿದೆ. ಖರ್ಚು ಸೊನ್ನೆ.

ಬೈಯುವುದೂ ಇದೆ. ಇದನ್ನು ಚುಚ್ಚಿಯೇ ಬಿಟ್ಟು ಬೆಂಗಳೂರಿಗೆ ಬಸ್ಸಲ್ಲಿ ಹೋಗಿದ್ದೆ, ಹತ್ತು ದಿನ ಬಿಟ್ಟು ಬಂದರೆ ಬ್ಯಾಟರಿ ಖಾಲಿ. ಕೆಲಸ ಮುಗಿದ ಕೂಡಲೇ ಕಿತ್ತಿಡಿ. ಬ್ರೇಕಿನ ಎಬಿಎಸ್, ಏರ್‌ಬ್ಯಾಗ್ ಲೈಟ್ ಬಂದರೆ ನನ್ನ ಕಾರಿನಲ್ಲಿ ಇದಕ್ಕೆ ಏನೂ ಓದಲಾಗಲ್ಲ. ಐಫೋನಿಗೆ ಈ ಬ್ಲೂಟೂತ್ ಮಾದರಿ ಸೇರುವುದಿಲ್ಲ, ವೈಫೈ ಅಥವಾ ಬ್ಲೂಟೂತ್ ಎಲ್‌ಇ (ಹೊಸ ಬಗೆಯ ಬ್ಲೂಟೂತ್) ಇರುವುದು ಬೇಕು. ಕಾರಿನ ಭಾಷೆಯನ್ನು ಫೋನಿಗೆ ತಿಳಿಸುವ ಒಳಗಿನ ಇಎಲ್‌ಎಂ327 ಚಿಪ್ ನಕಲಿ, ಈ ಬೆಲೆಗೆ ಅಸಲಿ ಸಿಗುವುದೂ ಇಲ್ಲ. ಎರಡನೇ ವರ್ಷದಿಂದ ಒಮ್ಮೊಮ್ಮೆ ಕನೆಕ್ಷನ್ ತಪ್ಪುತ್ತದೆ, ತೆಗೆದು ಮತ್ತೆ ಚುಚ್ಚಿದರೆ ಸರಿ.

ಐದಕ್ಕೆ ನಾಲ್ಕು ಸ್ಟಾರ್. ಸದ್ಯ ಡಬ್ಬಿ ನನ್ನ ಹತ್ತಿರ ಇಲ್ಲ, ಭಾವ "ಎರಡೇ ದಿನಕ್ಕೆ" ಅಂತ ಹೊಸನಗರಕ್ಕೆ ಒಯ್ದು ತಿಂಗಳಾಯಿತು.